ಕತ್ತಿನ ಮೇಲ್ತುದಿಗೆ ಕೈ ಹಾಕಿಸುವ ಮುಂಚೆ: ಯಾರ ಹತ್ತಿರ ಹೋಗೋದು, ಯಾಕೆ?

ಶೂ ಬಿಚ್ಚದೆ ಟೇಬಲ್ ಮೇಲೆ ಮಲಗಿದ್ದೆ. ಅವರು ನನ್ನ ಎರಡೂ ಹಿಮ್ಮಡಿ ಹಿಡಿದು ಜೋಡಿಸಿ ನೋಡಿದರು. “ನಿಮ್ಮ ಬಲಗಾಲು ಗಿಡ್ಡ ಇದೆ” ಅಂದರು. ನಾನು ಹೋಗಿದ್ದು ಕತ್ತು ನೋವಿಗೆ.

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಊರಾಚೆಯ ಒಂದು ಸಣ್ಣ ಕೈರೋಪ್ರಾಕ್ಟಿಕ್ ಕ್ಲಿನಿಕ್ ಅದು. ಕೈರೋಪ್ರಾಕ್ಟಿಕ್ ಅಂದರೆ ಬೆನ್ನು, ಕತ್ತಿನ ಮೂಳೆಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಪದ್ಧತಿ. ಅದರಲ್ಲೂ ಇವರು ಕತ್ತಿನ ಮೇಲ್ತುದಿಯ ಮೂಳೆಗಳನ್ನೇ ಮುಖ್ಯವಾಗಿ ನೋಡುವವರು. ಆಫೀಸಿನ ಗೆಳತಿಯೊಬ್ಬಳಿಗೆ ಅಲ್ಲಿ ಮೈಗ್ರೇನ್ ಕಡಿಮೆ ಆಗಿತ್ತಂತೆ, ಅವಳ ಮಾತು ಕೇಳಿ ಹೋಗಿದ್ದೆ. ಕಾಲು ನೋಡಿದ ಮೇಲೆ ಕತ್ತಿನ ಮೂರು ಎಕ್ಸ್‌ರೇ ಆಯಿತು. ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. ಕತ್ತಿನ ಮೊದಲ ಮೂಳೆ ಮೂರು ಡಿಗ್ರಿ ಓರೆಯಾಗಿದೆಯಂತೆ. ಅದಕ್ಕೇ ಸೊಂಟ ವಾಲಿದೆ, ಅದಕ್ಕೇ ಕಾಲು ಗಿಡ್ಡ ಕಾಣುತ್ತಿದೆ, ನರಮಂಡಲಕ್ಕೂ ಅಡ್ಡಿಯಾಗಿದೆ ಅಂತ ವಿವರಿಸಿದರು. ಆಮೇಲೆ ಒಂದು ಹಾಳೆ ಕೈಗೆ ಬಂತು. ವಾರಕ್ಕೆ ಮೂರು ಸಲದಂತೆ ಶುರು, ಒಟ್ಟು 36 ಭೇಟಿ, ಪೂರ್ತಿ ದುಡ್ಡು ಈಗಲೇ ಕಟ್ಟಿದರೆ ರಿಯಾಯಿತಿ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು “ಯೋಚನೆ ಮಾಡಿ ಹೇಳ್ತೀನಿ” ಅಂತ ಎದ್ದು ಬಂದೆ.

ಮನೆಗೆ ಬಂದು ಗಂಡನ ಕೈಲಿ ಕಾಲು ನೋಡಿಸಿದೆ. ಮೊದಲ ಸಲ ಬಲಗಾಲು ಗಿಡ್ಡ ಅಂದ. ಎರಡನೇ ಸಲ ಎಡಗಾಲು ಅಂದ. ಮೂರನೇ ಸಲ “ಎರಡೂ ಸಮ ಇದೆ, ಟೀ ಆಯ್ತಾ?” ಅಂದ.

ಯೋಚನೆ ಎರಡು ತಿಂಗಳು ಹಿಡಿಯಿತು. ಈ ನಡುವೆ ಓದಿದ್ದು, ವಿಚಾರಿಸಿದ್ದು, ಬೇರೆ ಕಡೆ ಹೋಗಿ ಬಂದಿದ್ದು ಎಲ್ಲ ಸೇರಿ ಈ ಬರಹ. ಈ ಪದ್ಧತಿಯ ತವರು ಅಮೆರಿಕ, ಹಾಗಾಗಿ ಇಲ್ಲಿರುವ ನಮ್ಮವರಿಗೆ ಜಾಸ್ತಿ ಉಪಯೋಗ ಆಗಬಹುದು. ಊರಲ್ಲಿರುವವರಿಗೂ ಕೊನೆಯ ಕಡೆ ಒಂದಿಷ್ಟು ಇದೆ. ನಾನು ಡಾಕ್ಟರಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಕೆಡಿಸಿಕೊಂಡವಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾರ ಕೈ ಮೃದು, ಯಾರ ಮೆಷಿನ್ ದೊಡ್ಡದು, ಯಾರಿಗೆ ಎಷ್ಟು ಸ್ಟಾರ್ ಅಂತ ನೋಡಿ ನೋಡಿ ಸುಸ್ತಾದೆ. ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ಪ್ರಶ್ನೆ: “ನಾನು ಯಾವಾಗ ಬರೋದು ನಿಲ್ಲಿಸಬಹುದು?” ಇದಕ್ಕೆ ಯಾರು ನೇರವಾಗಿ ಉತ್ತರ ಕೊಡುತ್ತಾರೆ ಅನ್ನೋದನ್ನೇ ಅಳತೆಗೋಲು ಮಾಡಿಕೊಂಡೆ.

ಬೀಸುವ ಕಲ್ಲಿನ ಗೂಟ

ತಲೆಬುರುಡೆಗೆ ತಾಗಿದ ಮೊದಲ ಮೂಳೆಯ ಹೆಸರು ಅಟ್ಲಾಸ್. ಗ್ರೀಕರ ಕತೆಯಲ್ಲಿ ಆಕಾಶ ಹೊತ್ತು ನಿಂತವನ ಹೆಸರು ಅದು. ನಮ್ಮವರು ಇಟ್ಟಿದ್ದರೆ ಆದಿಶೇಷ ಅಂತ ಇಡುತ್ತಿದ್ದರೇನೋ. ನೋಡಲು ಬಳೆಯ ಹಾಗಿದೆ. ನಾಲ್ಕೂವರೆ ಐದು ಕೆಜಿ ತೂಗುವ ತಲೆ ಇದರ ಮೇಲೆ ಕೂತಿದೆ. ಎರಡನೆಯ ಮೂಳೆ ಆಕ್ಸಿಸ್. ಅದರಿಂದ ಒಂದು ಗೂಟ ಮೇಲಕ್ಕೆದ್ದು ಬಳೆಯೊಳಗೆ ನಿಂತಿದೆ. ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ, ಕೆಳಗಿನ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದಲ್ಲ, ಹಾಗೆ. ನೀವು ತಲೆ ಅಡ್ಡಡ್ಡ ಆಡಿಸಿ “ಬೇಡ” ಅಂದಾಗ ತಿರುಗುವುದು ಹೆಚ್ಚಾಗಿ ಇಲ್ಲಿ. ಇಡೀ ಕತ್ತಿನ ತಿರುವಿನಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಜಾಗದ್ದು.

ಇಲ್ಲಿ ಗಮನಿಸಬೇಕಾದ ಸಂಗತಿ ಮೂರು. ಮೊದಲನೆಯದು, ಕತ್ತಿನ ಮೇಲಿನ ಮೂರು ನರಗಳು ಮತ್ತು ಮುಖದ ಟ್ರೈಜೆಮಿನಲ್ ನರ ಬೆನ್ನುಹುರಿಯ ಮೇಲ್ಭಾಗದಲ್ಲಿ ಒಂದೇ ಕಡೆ ಸೇರುತ್ತವೆ. ಹಾಗಾಗಿ ಕತ್ತಿನ ಕೀಲು ಕೆರಳಿದರೆ ನೋವು ಹಣೆಯಲ್ಲೋ ಕಣ್ಣಿನ ಹಿಂದೆಯೋ ಕಾಣಿಸಬಹುದು. ಕತ್ತಿನಿಂದ ಬರುವ ತಲೆನೋವು ಅನ್ನೋದು ನಿಜವಾಗಿ ಇದೆ, ಸುಮ್ನೆ ಹೇಳುವ ಮಾತಲ್ಲ. ಎರಡನೆಯದು, ಅಟ್ಲಾಸ್ ಬಳೆಯೊಳಗೆ ಜಾಗ ಧಾರಾಳವಾಗಿದೆ. ಮೂರರಲ್ಲಿ ಒಂದು ಪಾಲು ಗೂಟ, ಒಂದು ಪಾಲು ಬೆನ್ನುಹುರಿ, ಇನ್ನೊಂದು ಪಾಲು ಖಾಲಿ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಎರಡು ಮೂರು ಡಿಗ್ರಿ ಓರೆಯಾದ ಮಾತ್ರಕ್ಕೆ ಬೆನ್ನುಹುರಿ ಹಿಚುಕಿಹೋಗುತ್ತದೆ ಅನ್ನೋ ಮಾತಿಗೆ ಇದು ಹೊಂದುವುದಿಲ್ಲ. ಮೂರನೆಯದು, ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತಿನಲ್ಲೇ ಹತ್ತಿ ಬಂದು, ಅಟ್ಲಾಸ್ ಮೇಲೆ ಬಳಸಿಕೊಂಡು ಬುರುಡೆಯೊಳಗೆ ಹೋಗುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದೇ ಮಾತಿಗೆ ಬರುತ್ತೇನೆ.

ಮೇಲ್ಕತ್ತಿನ ಕೈರೋಪ್ರಾಕ್ಟಿಕ್

ಕೈರೋಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಊರಲ್ಲಿ. ಆಯಸ್ಕಾಂತ ಶಕ್ತಿಯ ಚಿಕಿತ್ಸೆ ಮಾಡಿಕೊಂಡಿದ್ದ ಡಿ.ಡಿ. ಪಾಮರ್, ಕಿವುಡನಾಗಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ, ಕಟ್ಟಡದ ಸ್ವಚ್ಛತೆ ನೋಡಿಕೊಳ್ಳುತ್ತಿದ್ದ ಕೆಲಸಗಾರನ ಬೆನ್ನುಮೂಳೆ ಒತ್ತಿದ್ದಕ್ಕೆ ಕಿವಿ ಕೇಳಿಸಿತು ಅಂತ ಹೇಳಿಕೊಂಡರು. ಕಿವಿಯ ನರ ಕಿವಿಯಿಂದ ನೇರ ಮಿದುಳಿಗೆ ಹೋಗುತ್ತದೆ, ಬೆನ್ನಿನ ಕಡೆ ತಲೆ ಹಾಕುವುದೇ ಇಲ್ಲ. ಇರಲಿ. ಅವರ ಮಗ ಬಿ.ಜೆ. ಪಾಮರ್ 1930ರ ದಶಕದಲ್ಲಿ ಇನ್ನೊಂದು ಹೆಜ್ಜೆ ಹೋಗಿ, ಇಡೀ ಬೆನ್ನು ಬೇಡ, ಮೇಲಿನ ಎರಡು ಮೂಳೆ ಸರಿ ಮಾಡಿದರೆ ಸಾಕು ಅಂದರು. ಗಾಲ್ಫ್ ಆಟದಲ್ಲಿ ಒಂದೇ ಏಟಿಗೆ ಚೆಂಡು ಗುಳಿಗೆ ಬೀಳುವುದಕ್ಕೆ ಏನನ್ನುತ್ತಾರೋ ಅದೇ ಹೆಸರನ್ನು ಇದಕ್ಕೂ ಇಟ್ಟರು: ಹೋಲ್ ಇನ್ ಒನ್.

ಅಲ್ಲಿಂದ ಟಿಸಿಲೊಡೆದ ಪದ್ಧತಿಗಳು ಹಲವು. ಕ್ಲಿನಿಕ್ ಬೋರ್ಡಿನಲ್ಲಿ ಕಾಣುವ ಹೆಸರುಗಳ ಪರಿಚಯ ಇದ್ದರೆ ಒಳ್ಳೆಯದು. ಪಾಮರ್ ಕಾಲದ ಟಾಗಲ್ ಪದ್ಧತಿಯಲ್ಲಿ ಪಕ್ಕಕ್ಕೆ ಮಲಗಿಸಿ, ತಲೆ ಇಟ್ಟ ಹಲಗೆ ಥಟ್ಟನೆ ಕೆಳಗಿಳಿಯುವಂತೆ ಚುರುಕಾಗಿ ಒತ್ತುತ್ತಾರೆ. ನೂಕಾ ಅನ್ನೋದು ಮಿಷಿಗನ್ ರಾಜ್ಯದ ರಾಲ್ಫ್ ಗ್ರೆಗರಿ 1966ರಲ್ಲಿ ಕಟ್ಟಿದ ಸಂಘ ಮತ್ತು ಅದರ ಪದ್ಧತಿ. ಕಿವಿಯ ಕೆಳಗೆ ಮಣಿಕಟ್ಟಿನ ಮೂಳೆ ಇಟ್ಟು ಎಷ್ಟು ಹಗುರವಾಗಿ ಒತ್ತುತ್ತಾರೆಂದರೆ, ಮುಗಿಯಿತು ಅಂದಾಗ “ಶುರು ಆಗಿತ್ತಾ?” ಅಂತ ಕೇಳುವ ಹಾಗಿರುತ್ತದೆ. ಅಟ್ಲಾಂಟಾದ ರಾಯ್ ಸ್ವೆಟ್ ರೂಪಿಸಿದ ಅಟ್ಲಾಸ್ ಆರ್ಥೋಗನಲ್‌ನಲ್ಲಿ ಕೈ ಬದಲು ಒಂದು ಯಂತ್ರದ ಕಡ್ಡಿ ಕಿವಿಯ ಹಿಂದೆ ಟಕ್ ಅನ್ನುತ್ತದೆ, ಅಷ್ಟೇ. ನಮ್ಮ ಟೆಕ್ಸಸ್‌ನ ವಿಲಿಯಂ ಬ್ಲೇರ್ ಹೆಸರಿನ ಪದ್ಧತಿ ಬೇರೆ ವಾದ ಹೂಡುತ್ತದೆ. ಎಲ್ಲರ ಮೂಳೆಯೂ ಎಡಬಲ ಒಂದೇ ಸಮ ಇರುವುದಿಲ್ಲ, ಹಾಗಾಗಿ ನೇರ ಗೆರೆ ಎಳೆದು ಓರೆ ಅನ್ನೋದು ತಪ್ಪು ಅಂತ. ತಮಾಷೆ ಅಂದ್ರೆ ಇದು ಒಳಗಿನವರೇ ಒಳಗಿನವರಿಗೆ ಹಾಕಿದ ಒಳ್ಳೆಯ ಪ್ರಶ್ನೆ. ಹುಟ್ಟಿನಿಂದಲೇ ಮೂಳೆ ಕೊಂಚ ಓರೆ ಇರುವವರಿಗೆ “ಮೂರು ಡಿಗ್ರಿ” ಅಂದರೆ ಏನರ್ಥ?

ಇವುಗಳ ಪರವಾಗಿ ಹೇಳಬೇಕಾದ್ದನ್ನು ಹೇಳಲೇಬೇಕು. ಕತ್ತು ತಿರುವುವುದಿಲ್ಲ, ಲಟಕ್ ಅನ್ನಿಸುವುದಿಲ್ಲ. ನೀವು ಹೇಳುವುದನ್ನು ಅರ್ಧ ಗಂಟೆ ಕೂತು ಕೇಳುತ್ತಾರೆ, ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಅಷ್ಟು ಹೊತ್ತು ಸಿಗುವುದು ಕಷ್ಟ. ಒತ್ತಿದ ಮೇಲೆ ಸ್ವಲ್ಪ ಹೊತ್ತು ಮಲಗಿಸಿ ಕಳಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಮೆತ್ತನೆ ಹೊದಿಕೆ ಹೊದ್ದು ಸುಮ್ನೆ ಮಲಗಿದರೆ ಅರ್ಧ ನೋವು ಅದಕ್ಕೇ ಇಳಿಯುತ್ತದೆ ಅಂತ ನನ್ನ ಅನುಮಾನ.

ತಕರಾರು ಇರುವುದು ಹಿಂದಿನ ವಾದದ ಮೇಲೆ. ಮೂಳೆ ಸರಿದು ನರಮಂಡಲ ಕೆಡುತ್ತದೆ, ಅದರಿಂದ ರೋಗ ಬರುತ್ತದೆ ಅನ್ನೋದಕ್ಕೆ ಅವರಿಟ್ಟ ಹೆಸರು ಸಬ್‌ಲಕ್ಸೇಷನ್. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರುಗಳಿಗೆ ಪರವಾನಗಿ ಕೊಡುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ 2010ರಲ್ಲಿ ಇದೊಂದು ಹಳೆಯ ಕಾಲದ ಕಲ್ಪನೆ, ಇದು ರೋಗಕ್ಕೆ ಕಾರಣ ಅನ್ನೋದಕ್ಕೆ ಆಧಾರ ಇಲ್ಲ ಅಂತ ಹೇಳಿತು. ಹೊರಗಿನವರಲ್ಲ, ಅವರ ಮನೆಯವರೇ.

ಇನ್ನು ಸಾಬೀತು. ನೂಕಾ ಕ್ಲಿನಿಕ್ಕುಗಳಲ್ಲಿ ಬಿಪಿ ಕಡಿಮೆ ಆಗುತ್ತದೆ ಅನ್ನೋ ಮಾತು ಆಗಾಗ ಕೇಳಿಸುತ್ತದೆ. ಅದರ ಮೂಲ 2007ರ ಒಂದು ಅಧ್ಯಯನ. 50 ಜನ, ಎಂಟು ವಾರ. ಅಟ್ಲಾಸ್ ಸರಿಪಡಿಸಿಕೊಂಡವರ ಬಿಪಿಯ ಮೇಲಿನ ಸಂಖ್ಯೆ ಸರಾಸರಿ 17 ಅಂಕ ಇಳಿಯಿತು, ಒತ್ತಿದ ಹಾಗೆ ಮಾಡಿದ ಸುಳ್ಳು ಚಿಕಿತ್ಸೆ ಪಡೆದವರದು 3 ಅಂಕ. ಕುತೂಹಲ ಹುಟ್ಟಿಸುವ ಫಲಿತಾಂಶ, ನಿಜ. ಆದರೆ 50 ಜನರ ಲೆಕ್ಕ ಹಿಡಿದು ಮಾತ್ರೆ ಬಿಡುವುದು ಮಾಡಬಾರದ ಕೆಲಸ. ಮೈಗ್ರೇನ್ ಬಗ್ಗೆ 2015ರಲ್ಲಿ ಕೆನಡಾದಿಂದ ಬಂದ ನೂಕಾ ಅಧ್ಯಯನದಲ್ಲಿ ಇದ್ದವರು 11 ಜನ. ತಲೆನೋವಿನ ದಿನಗಳು ಕಡಿಮೆಯಾದವು, ಆದರೆ ಹೋಲಿಸಲು ಚಿಕಿತ್ಸೆ ಪಡೆಯದ ಗುಂಪೇ ಇರಲಿಲ್ಲ. ಮೈಗ್ರೇನ್ ತಾನಾಗಿಯೇ ಏರಿಳಿಯುವ ಕಾಯಿಲೆ. ಜನ ಕ್ಲಿನಿಕ್‌ಗೆ ಹೋಗುವುದು ಜೋರಾಗಿದ್ದಾಗ. ಆಮೇಲೆ ಇಳಿಯಲೇಬೇಕಲ್ವಾ?

ಲಟಕ್ ಅನ್ನಿಸುವ ಮಾಮೂಲಿ ಕೈರೋಪ್ರಾಕ್ಟರ್

ರೀಲ್ಸ್‌ನಲ್ಲಿ ನೋಡುವುದು ಇವರನ್ನು. ತಲೆ ಹಿಡಿದು ಒಂದು ಕಡೆ ತಿರುವಿ ಚುರುಕಾಗಿ ಎಳೆದಾಗ ಬರುವ ಸದ್ದು ಬೆರಳ ನೆಟಿಗೆಯ ಸದ್ದೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದರು. ಕೀಲಿನ ದ್ರವದೊಳಗೆ ಗಾಳಿಯ ಪೊಳ್ಳೊಂದು ಥಟ್ಟನೆ ಹುಟ್ಟುವಾಗ ಸದ್ದು ಬರುತ್ತದೆ. ಅಂದರೆ ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು.

ಆದರೂ ಇದರಿಂದ ಮಾಮೂಲಿ ಕತ್ತು ನೋವು ಕಡಿಮೆ ಆಗಬಹುದು. ಇದಕ್ಕೆ ಮೇಲ್ಕತ್ತಿನ ಪದ್ಧತಿಗಿಂತ ಗಟ್ಟಿ ಆಧಾರ ಇದೆ. ನನಗೆ ತುಂಬಾ ಹಿಡಿಸಿದ್ದು 2012ರಲ್ಲಿ ಪ್ರಕಟವಾದ ಮಿನ್ನೆಸೋಟಾದ ಅಧ್ಯಯನ. ಕತ್ತು ನೋವಿನ 272 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೈಯಿಂದ ಮೂಳೆ ಎಳೆದು ಸರಿಪಡಿಸುವುದು, ಇನ್ನೊಂದಕ್ಕೆ ಮಾತ್ರೆ, ಮೂರನೆಯದಕ್ಕೆ ಮನೆಯಲ್ಲೇ ಮಾಡುವ ವ್ಯಾಯಾಮ. ವ್ಯಾಯಾಮದವರಿಗೆ ಹೇಳಿಕೊಟ್ಟದ್ದು ಒಂದೊಂದು ಗಂಟೆಯಂತೆ ಎರಡೇ ಸಲ. 12 ವಾರದ ಕೊನೆಗೆ ಮಾತ್ರೆಗಿಂತ ಎಳೆಸಿಕೊಂಡವರು ಮುಂದಿದ್ದರು. ವ್ಯಾಯಾಮ ಮಾಡಿದವರೂ ಅವರ ಸಮಕ್ಕೆ ಇದ್ದರು. ಅಧ್ಯಯನ ಮಾಡಿದ್ದು ಕೈರೋಪ್ರಾಕ್ಟಿಕ್ ಕಲಿಸುವ ಸಂಸ್ಥೆಯವರೇ, ಹಾಗಾಗಿ ಹೊಟ್ಟೆಕಿಚ್ಚಿನ ಮಾತು ಅನ್ನುವ ಹಾಗಿಲ್ಲ.

ಎರಡು ಗಂಟೆಯ ಪಾಠ ಒಂದು ಕಡೆ, 36 ಭೇಟಿಯ ಹಾಳೆ ಒಂದು ಕಡೆ. ನನ್ನ ತೀರ್ಮಾನ ಅರ್ಧಕ್ಕರ್ಧ ಇಲ್ಲೇ ಆಗಿಹೋಯಿತು.

ಫಿಸಿಯೋ

ಕೊನೆಗೆ ಹೋಗಿದ್ದು ಫಿಸಿಕಲ್ ಥೆರಪಿಸ್ಟ್ ಹತ್ತಿರ. ಟೆಕ್ಸಸ್‌ನಲ್ಲಿ 2019ರಿಂದ ಡಾಕ್ಟರ್ ಚೀಟಿ ಇಲ್ಲದೆಯೂ ಹತ್ತು ಕೆಲಸದ ದಿನಗಳ ತನಕ ಅವರು ನೋಡಬಹುದು, ಮುಂದುವರಿಸಲು ಚೀಟಿ ಬೇಕು. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ, ಆದರೆ ಒಂದಲ್ಲ ಒಂದು ರೀತಿ ಎಲ್ಲಾ ರಾಜ್ಯದಲ್ಲೂ ನೇರವಾಗಿ ಹೋಗಬಹುದು. ಇನ್ಶೂರೆನ್ಸ್‌ನವರನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಆಕೆ ಮೊದಲ ದಿನವೇ ಹೇಳಿದ್ದು: “ಆರು ಸಲ ಬನ್ನಿ. ನಾಲ್ಕನೇ ಸಲಕ್ಕೂ ವ್ಯತ್ಯಾಸ ಕಾಣದಿದ್ದರೆ ನಾನೇ ಡಾಕ್ಟರ್ ಹತ್ತಿರ ಕಳಿಸ್ತೀನಿ.” ನನ್ನ ಅಳತೆಗೋಲಿಗೆ ಕೇಳದೆಯೇ ಉತ್ತರ ಸಿಕ್ಕಿತು.

ಕಾಲು ನೋಡಲಿಲ್ಲ. ಎಕ್ಸ್‌ರೇ ತೆಗೆಯಲಿಲ್ಲ. ಕತ್ತು ಎಡಕ್ಕೆ ಎಷ್ಟು ಹೋಗುತ್ತೆ, ಬಲಕ್ಕೆ ಎಷ್ಟು ಅಂತ ನೋಡಿದರು. ಕೈಯ ಬಲ ನೋಡಿದರು, ಸಣ್ಣ ಸುತ್ತಿಗೆಯಿಂದ ಮೊಣಕೈಗೆ ತಟ್ಟಿದರು. ಆಮೇಲೆ ಒಂದು ಟವೆಲ್ ಸುತ್ತಿ ತಲೆಯ ಕೆಳಗಿಟ್ಟರು. ಜೋಡಿ ಗದ್ದ ಬರುವ ಹಾಗೆ ಗದ್ದ ಒಳಗೆಳೆದು, ಟವೆಲ್ ಮೇಲೆ ಮೆಲ್ಲಗೆ ಒತ್ತಿ, ಹತ್ತು ಎಣಿಸಬೇಕು. ಇಷ್ಟೇನಾ ಅಂದುಕೊಂಡೆ. ಆರನೇ ಸಲಕ್ಕೆ ಕತ್ತಿನ ಮುಂಭಾಗ ಥರಥರ ನಡುಗಿತು. ಹತ್ತು ವರ್ಷದಿಂದ ಕೆಲಸವೇ ಕೊಡದ ಸ್ನಾಯು ಅದು. ಒಂದೆರಡು ಸಲ ಮೇಲ್ಕತ್ತಿನ ಕೀಲುಗಳನ್ನು ಬೆರಳಲ್ಲಿ ಒತ್ತಿ ಸಡಿಲಿಸಿದರು. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿಸಿದರು.

ಕತ್ತಿನಿಂದ ಬರುವ ತಲೆನೋವಿಗೂ ಈ ದಾರಿಗೆ ಒಳ್ಳೆಯ ಬೆಂಬಲ ಇದೆ. 2002ರಲ್ಲಿ ಆಸ್ಟ್ರೇಲಿಯಾದ ಫಿಸಿಯೋಗಳು 200 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಕೈಯಿಂದ ಕೀಲು ಸಡಿಲಿಸುವುದೂ ವ್ಯಾಯಾಮವೂ ಎರಡೂ ಕೆಲಸ ಮಾಡಿದವು. ವರ್ಷ ಕಳೆದರೂ ಗುಣ ಉಳಿದಿತ್ತು. ಇದರ ತೊಂದರೆ ಒಂದೇ, ಮನೆಯಲ್ಲಿ ನೀವೇ ಮಾಡಬೇಕು. ಮೂರನೇ ವಾರ ನಾನು ಬಿಟ್ಟಿದ್ದೆ, ನೋವು ತಿರುಗಿ ಬಂತು. ಸೋಮಾರಿಗಳಿಗೆ ಕೈರೋಪ್ರಾಕ್ಟರ್ ಟೇಬಲ್ಲೇ ಹಿತ, ಒಪ್ಪುತ್ತೇನೆ.

ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇದೆ, ಹೆಸರಿನ ಮುಂದೆ ಡಿ.ಒ. ಅಂತಿರುವ ಡಾಕ್ಟರುಗಳು. ಇವರು ಎಂ.ಡಿ.ಗಳ ಹಾಗೆಯೇ ಪೂರ್ತಿ ವೈದ್ಯರು, ಔಷಧಿ ಬರೆಯುತ್ತಾರೆ, ಸ್ಕ್ಯಾನ್ ಬರೆಯುತ್ತಾರೆ. ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕಲಿತಿರುತ್ತಾರೆ, ಆದರೆ ದಿನಾ ಮಾಡುವವರು ಕಡಿಮೆ. ಸಿಕ್ಕರೆ ಒಳ್ಳೆಯದು.

ತಲೆ ಸುತ್ತಿಗೆ ಕತ್ತು ಹಿಡಿಸುವ ಮುಂಚೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇದು ಎರಡೂ ದೇಶದ ಗೋಳು. ಇಲ್ಲಿನ ಮೇಲ್ಕತ್ತಿನ ಕ್ಲಿನಿಕ್ಕುಗಳು ವರ್ಟಿಗೋ ಅಂತ ದೊಡ್ಡದಾಗಿ ಬರೆದುಕೊಂಡಿರುತ್ತವೆ. ಊರಲ್ಲಿ ಐವತ್ತು ದಾಟಿದವರು ತಲೆ ಸುತ್ತುತ್ತೆ ಅಂದರೆ ಸಾಕು, “ಸ್ಪಾಂಡಿಲೈಟಿಸ್ ಇರ್ಬೇಕು” ಅಂತ ಕತ್ತಿಗೆ ಪಟ್ಟಿ ಕಟ್ಟುತ್ತಾರೆ.

ನಮ್ಮಮ್ಮನಿಗೂ ಕಟ್ಟಿದ್ದರು. ಶಿವಮೊಗ್ಗದ ಸೆಕೆಯಲ್ಲಿ ಎರಡು ತಿಂಗಳು ಆ ಪಟ್ಟಿ. ನಾನು ಫೋನಲ್ಲಿ ಕೇಳಿದೆ, ಯಾವಾಗ ಸುತ್ತುತ್ತೆ ಅಂತ. “ಬೆಳಗ್ಗೆ ಎಡಕ್ಕೆ ಹೊರಳಿದ್ರೆ ಮನೆಯೆಲ್ಲಾ ಗಿರ್ರ ಅನ್ನುತ್ತೆ. ಒಂದು ನಿಮಿಷ, ಆಮೇಲೆ ಏನಿಲ್ಲ.” ಮಗ್ಗುಲು ಬದಲಿಸಿದಾಗ, ಮೇಲಿನ ಅಟ್ಟದ ಡಬ್ಬ ತೆಗೆಯಲು ತಲೆ ಎತ್ತಿದಾಗ ಕ್ಷಣಕಾಲ ಸುತ್ತುವುದು ಹೆಚ್ಚಾಗಿ ಒಳಕಿವಿಯ ತೊಂದರೆ. ಕಿವಿಯೊಳಗಿನ ಸಣ್ಣ ಹರಳುಗಳು ಜಾರಿ ಬೇರೆ ಕೊಳವೆಗೆ ಬಿದ್ದಿರುತ್ತವೆ. ಓರೆಗಾನ್ ರಾಜ್ಯದ ಜಾನ್ ಎಪ್ಲಿ ಎಂಬ ಡಾಕ್ಟರ್ ಇದಕ್ಕೊಂದು ಉಪಾಯ ಕಂಡುಹಿಡಿದರು. ತಲೆಯನ್ನು ಒಂದೊಂದೇ ದಿಕ್ಕಿಗೆ ನಿಧಾನ ಹೊರಳಿಸಿ ಹರಳುಗಳನ್ನು ಮೂಲ ಜಾಗಕ್ಕೆ ಇಳಿಸುವುದು. ಹತ್ತು ನಿಮಿಷದ ಕೆಲಸ. ಇಎನ್‌ಟಿ ಡಾಕ್ಟರುಗಳಿಗೂ ಹಲವು ಫಿಸಿಯೋಗಳಿಗೂ ಬರುತ್ತದೆ. ಅಮ್ಮನಿಗೆ ಎರಡು ಸಲಕ್ಕೆ ನಿಂತಿತು. ಪಟ್ಟಿ ಈಗ ಟಿವಿ ಮೇಜಿನ ಡ್ರಾಯರಿನಲ್ಲಿದೆ.

ಅಮ್ಮನದು ಕತ್ತು ಅಂತ ಹಿಡಿದು 36 ಸಲ ಒತ್ತಿಸಿದ್ದರೆ? ಹರಳು ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಹೆಸರು ಒತ್ತಿದವರಿಗೆ ಹೋಗುತ್ತಿತ್ತು.

ರಕ್ತನಾಳದ ಮಾತು

ಅಟ್ಲಾಸ್ ಮೇಲೆ ಬಳಸಿ ಹೋಗುವ ನಾಳದ ವಿಷಯ ಹೇಳಿದ್ದೆನಲ್ಲ. ಕತ್ತನ್ನು ಜೋರಾಗಿ ತಿರುವಿದಾಗ ಕತ್ತಿನ ರಕ್ತನಾಳದ ಒಳಪದರ ಹರಿಯಬಹುದು. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಇದು ಅಪರೂಪ. ಆದರೆ ಚಿಕ್ಕ ವಯಸ್ಸಿನವರಲ್ಲಿ ಸ್ಟ್ರೋಕ್ ಆಗುವ ಕಾರಣಗಳಲ್ಲಿ ಈ ನಾಳ ಹರಿಯುವುದು ಮುಖ್ಯವಾದ್ದು.

ತಿರುವಿದ್ದರಿಂದಲೇ ಆಗುತ್ತದಾ? ಜಗಳ ಮುಗಿದಿಲ್ಲ. 2008ರಲ್ಲಿ ಬಂದ ಒಂಟಾರಿಯೊದ ಅಧ್ಯಯನ 818 ಸ್ಟ್ರೋಕ್‌ಗಳನ್ನು ನೋಡಿತು. ಕೈರೋಪ್ರಾಕ್ಟರ್ ಹತ್ತಿರ ಹೋದವರಲ್ಲಿ ಎಷ್ಟು ನಂಟು ಕಂಡಿತೋ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಕಂಡಿತು. ನಾಳ ಮೊದಲೇ ಹರಿಯಲು ಶುರುವಾಗಿ, ಆ ನೋವಿಗೇ ಜನ ಚಿಕಿತ್ಸೆಗೆ ಹೋಗಿರಬಹುದು ಅಂತ ಅದರ ಅರ್ಥ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ, ಇದೇ ಕಾರಣ ಅಂತ ಸಾಬೀತಾಗಿಲ್ಲ, ಆದರೂ ನಂಟು ಇದೆ, ಕತ್ತು ತಿರುವುವ ಮುಂಚೆ ರೋಗಿಗೆ ತಿಳಿಸಬೇಕು ಅಂದಿತು. ಮೊದಲೇ ಹರಿದ ನಾಳದ ಮೇಲೆ ತಿರುವಿದರೆ ಏನಾಗಬಹುದು ಅಂತ ಊಹಿಸಲು ಅಧ್ಯಯನ ಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ತಿರುವದೆ ಮೆಲ್ಲಗೆ ಒತ್ತುವ ನೂಕಾ, ಅಟ್ಲಾಸ್ ಆರ್ಥೋಗನಲ್ ಪದ್ಧತಿಗಳೇ ವಾಸಿ.

ಹಿಂದೆಂದೂ ಕಾಣದಂಥ ಕತ್ತು ನೋವು ಅಥವಾ ತಲೆನೋವು ಇದ್ದಕ್ಕಿದ್ದಂತೆ ಬಂದರೆ ಯಾರ ಟೇಬಲ್ ಮೇಲೂ ಮಲಗಬೇಡಿ. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟ, ಮುಖದ ಅರ್ಧ ಜೋಮು, ನಡೆಯುವಾಗ ಒಂದು ಕಡೆ ವಾಲುವುದು ಇದ್ದರೆ ನೇರ ಎಮರ್ಜೆನ್ಸಿ. ಇನ್ನೊಂದು ಬಗೆ ನಿಧಾನವಾಗಿ ಬರುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ಕಾಲು ಬಿಗಿಯಾಗುತ್ತದೆ. ಇದು ಬೆನ್ನುಹುರಿ ಒತ್ತಿದ ಲಕ್ಷಣ, ನರರೋಗ ತಜ್ಞರಿಗೆ ತೋರಿಸಬೇಕು. ರುಮಟಾಯ್ಡ್ ಸಂಧಿವಾತ ಇರುವವರ ಅಟ್ಲಾಸ್ ಹಿಡಿದಿಟ್ಟ ಕಟ್ಟು ಸಡಿಲ ಆಗಿರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಹಾಗೇ. ಇವರಿಗೆ ಕತ್ತಿನ ಹತ್ತಿರ ಚುರುಕಿನ ಎಳೆತ ಬೇಡವೇ ಬೇಡ. ಮೂಳೆ ಸವೆದವರಿಗೂ ರಕ್ತ ತೆಳುವಾಗುವ ಮಾತ್ರೆಯವರಿಗೂ ಅದೇ ಮಾತು.

ಊರಲ್ಲಿರುವವರಿಗೆ

ಅಮೆರಿಕದಲ್ಲಿ ಕೈರೋಪ್ರಾಕ್ಟರ್ ಆಗಲು ಕಾಲೇಜು ಓದಿನ ಮೇಲೆ ಸುಮಾರು ನಾಲ್ಕು ವರ್ಷದ ಓದು, ಪರೀಕ್ಷೆ, ಎಲ್ಲಾ 50 ರಾಜ್ಯದಲ್ಲೂ ಲೈಸೆನ್ಸ್. ಟೆಕ್ಸಸ್‌ನವರದು ರಾಜ್ಯ ಮಂಡಳಿಯ ವೆಬ್‌ಸೈಟಿನಲ್ಲೇ ಹುಡುಕಿ ನೋಡಬಹುದು. ಭಾರತದಲ್ಲಿ ಫಿಸಿಯೋಥೆರಪಿಗೆ ಬಿಪಿಟಿ ಅನ್ನೋ ಡಿಗ್ರಿ ಕೋರ್ಸ್ ಇದೆ, 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಇದೆ. ಕೈರೋಪ್ರಾಕ್ಟಿಕ್‌ಗೆ ಅಂತಹ ಪ್ರತ್ಯೇಕ ಮಂಡಳಿ ಇಲ್ಲ. ವಿದೇಶದಲ್ಲಿ ಪೂರ್ತಿ ಓದಿ ಬಂದವರೂ ಅದೇ ಬೋರ್ಡ್ ಹಾಕುತ್ತಾರೆ, ನಾಲ್ಕು ದಿನದ ವರ್ಕ್‌ಶಾಪ್ ಮುಗಿಸಿದವರೂ ಅದೇ ಬೋರ್ಡ್ ಹಾಕುತ್ತಾರೆ. “ಎಲ್ಲಿ ಓದಿದ್ರಿ, ಎಷ್ಟು ವರ್ಷ?” ಅಂತ ಕೇಳಲು ಸಂಕೋಚ ಬೇಡ. ಗದ್ದಕ್ಕೆ ಬೆಲ್ಟ್ ಹಾಕಿ ತಲೆ ಜಗ್ಗುವ ವಿಡಿಯೋ ನೋಡಿ ಬುಕ್ ಮಾಡುವ ಮಕ್ಕಳಿಗಂತೂ ನಾಲ್ಕು ಮಾತು ಬೈಯಿರಿ.

ಅದಕ್ಕಿಂತ ಹತ್ತಿರದ ಅಪಾಯ ಕಟಿಂಗ್ ಶಾಪ್. 2024ರಲ್ಲಿ ಬಳ್ಳಾರಿಯ 30 ವರ್ಷದ ಯುವಕನೊಬ್ಬನಿಗೆ ಕಟಿಂಗ್ ಆದ ಮೇಲೆ ಪುಕ್ಕಟೆ ಹೆಡ್ ಮಸಾಜ್ ಮಾಡಿ ಕತ್ತು ತಿರುವಿದರು. ಆಗಲೇ ಚುಳ್ ಅಂದಿತಂತೆ. ಕೆಲವು ಗಂಟೆಯಲ್ಲಿ ಮಾತು ತೊದಲಿತು, ಎಡಭಾಗದ ಬಲ ಹೋಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದರೆ ಕತ್ತಿನ ಮುಂಭಾಗದ ಕ್ಯಾರೊಟಿಡ್ ನಾಳದ ಪದರ ಹರಿದಿತ್ತು. ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಪತ್ರಿಕೆಗಳಲ್ಲೆಲ್ಲಾ ಬಂದಿತ್ತು.

ಹಾಗಾದರೆ ಯಾರ ಹತ್ತಿರ?

ಕತ್ತು ಹಿಡಿದುಕೊಂಡಿದೆ, ಕೈಗೆ ಜೋಮಿಲ್ಲ, ಬಲ ಸರಿಯಾಗಿದೆ ಅಂದರೆ ಫಿಸಿಯೋ. ನಾನಾದರೆ ಬೇರೆ ಯೋಚನೆ ಮಾಡುವುದಿಲ್ಲ. ಫಿಸಿಯೋ ಮಾಡಿ ನೋಡಿಯೂ ಬಿಗಿ ಬಿಡಲಿಲ್ಲ, ಕೈಯಿಂದ ಯಾರಾದರೂ ಸಡಿಲಿಸಬೇಕು ಅನ್ನಿಸಿದರೆ, ಲೈಸೆನ್ಸ್ ಇರುವ ಕೈರೋಪ್ರಾಕ್ಟರ್ ಹತ್ತಿರ ಕೆಲವು ಭೇಟಿಗೆ ಹೋಗಬಹುದು. “ಕತ್ತು ತಿರುವೋದು ಬೇಡ” ಅಂತ ನೀವು ಹೇಳಬಹುದು, ಅವರು ಕೇಳಲೇಬೇಕು. ಮೈಗ್ರೇನ್ ಆದರೆ ಮೊದಲು ನರರೋಗ ತಜ್ಞರು, ಈಗ ಅದಕ್ಕೆ ಒಳ್ಳೆಯ ಔಷಧಿಗಳಿವೆ. ತಲೆ ಸುತ್ತಿದರೆ ಇಎನ್‌ಟಿ. ಬಿಪಿಗೆ ಬಿಪಿ ಡಾಕ್ಟರ್. ಇವೆಲ್ಲ ಮುಗಿದ ಮೇಲೂ ಮೇಲ್ಕತ್ತಿನವರನ್ನು ನೋಡಬೇಕು ಅನ್ನಿಸಿದರೆ ನೋಡಿ, ಮೆಲ್ಲಗೆ ಒತ್ತಿದರೆ ಕಳೆದುಕೊಳ್ಳುವುದು ಹೆಚ್ಚಾಗಿ ದುಡ್ಡೇ.

ದುಡ್ಡು ಅಂದೆ ಅಂತ ಹೇಳುತ್ತೇನೆ, ಇಲ್ಲಿರುವ 65 ದಾಟಿದ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಕೊಡುವುದು ಕೈಯಿಂದ ಬೆನ್ನು ಸರಿಪಡಿಸುವ ಖರ್ಚು ಮಾತ್ರ. ಕೈರೋಪ್ರಾಕ್ಟರ್ ಬರೆದ ಎಕ್ಸ್‌ರೇಗೆ ಕೊಡುವುದಿಲ್ಲ. ಮೇಲ್ಕತ್ತಿನ ಪದ್ಧತಿ ನಿಂತಿರುವುದೇ ಎಕ್ಸ್‌ರೇ ಮೇಲೆ. ಹಾಗಾಗಿ ಮೊದಲ ದಿನದ ಬಿಲ್ ನೋಡಿ ಗಾಬರಿ ಆಗಬೇಡಿ, ಫೋನಲ್ಲೇ ಕೇಳಿಕೊಂಡು ಹೋಗಿ. ಮುಂಗಡ ಕಟ್ಟುವ ಪ್ಯಾಕೇಜ್ ಬೇಡ, ಒಂದೊಂದೇ ಭೇಟಿಗೆ ಕೊಡ್ತೀನಿ ಅನ್ನಿ. ಎಕ್ಸ್‌ರೇ ತೆಗೆದರೆ ಅದರಲ್ಲಿ ಏನು ಕಂಡರೆ ಚಿಕಿತ್ಸೆ ಬದಲಾಗುತ್ತೆ ಅಂತ ಕೇಳಿ. ಆಮೇಲೆ ನನ್ನ ಹಳೇ ಪ್ರಶ್ನೆ ಕೇಳಿ, ಯಾವಾಗ ನಿಲ್ಲಿಸಬಹುದು ಅಂತ. “ನರಮಂಡಲಕ್ಕೆ ಜೀವನಪೂರ್ತಿ ಆರೈಕೆ ಬೇಕು” ಅಂದರೆ ಕಾರಿನ ಕೀ ಕೈಗೆ ತಗೊಳ್ಳಿ.

ನನ್ನ ಕತ್ತು ಈಗ ಮುಕ್ಕಾಲು ಪಾಲು ಸರಿಯಾಗಿದೆ. ಟವೆಲ್ ಹಾಸಿಗೆ ಪಕ್ಕದಲ್ಲೇ ಇದೆ. 36 ಭೇಟಿಯ ಹಾಳೆ ಲ್ಯಾಪ್‌ಟಾಪ್ ಕೆಳಗಿನ ಪುಸ್ತಕವೊಂದರಲ್ಲಿ ಗುರುತಿಗೆ ಇಟ್ಟಿದ್ದೇನೆ.

ಅಪ್ಪನದು ಇನ್ನೊಂದು ಕತೆ. ನಲವತ್ತು ವರ್ಷದಿಂದ ಒಂದೇ ಕಟಿಂಗ್ ಶಾಪ್, ಪ್ರತಿ ಸಲ ಕೊನೆಗೆ ಕತ್ತಿನ ನೆಟಿಗೆ ತೆಗೆಸಿಕೊಂಡೇ ಏಳುವುದು. ಬಳ್ಳಾರಿಯ ಸುದ್ದಿ ಕಳಿಸಿದರೆ “ಅವನಿಗೆ ಕೈ ಪಳಗಿದೆ ಮಗಾ” ಅಂದರು. ಫೋನಲ್ಲಿ ಮೂರು ದಿನ ಜಗಳ ಆಡಿದೆ. ಮೊನ್ನೆ ಭಾನುವಾರ ಕಟಿಂಗ್ ಮುಗಿಸಿ ಬಂದವರು ತಾವೇ ಫೋನ್ ಮಾಡಿದರು. ಆತ ತಲೆ ಹಿಡಿಯಲು ಕೈ ಎತ್ತಿದಾಗ “ಬೇಡಪ್ಪ, ಮಗಳು ಬೈತಾಳೆ” ಅಂದರಂತೆ. ಅದರ ಬದಲು ಭುಜಕ್ಕೆ ನಾಲ್ಕು ಗುದ್ದು ಜಾಸ್ತಿ ಹಾಕಿ ಕಳಿಸಿದನಂತೆ.